ಸೂಲಗಿತ್ತಿ ದೇವೀರಿಯ ಚಿಟಿಕೆದೀಪ

ಬಹಳ ಹಿಂದೆ, ಬೆಟ್ಟಗಳಿಗೂ ಕಿವಿಯಿದ್ದ ಕಾಲದಲ್ಲಿ, ತುಂಬೆಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಸಿಂಗರಸನೆಂಬ ದೊರೆ ಆಳುತ್ತಿದ್ದ. ಅವನ ರಾಣಿ ಪದ್ಮಲೆ. ಹೊಲ ಬೆಳೆಯುತ್ತಿತ್ತು, ಕೆರೆ ತುಂಬುತ್ತಿತ್ತು, ಜನ ಉಂಡುಟ್ಟು ಇದ್ದರು. ಆದರೆ ಒಂದು ಕಾಟ ಮಾತ್ರ ತಪ್ಪಿರಲಿಲ್ಲ.

ಊರಿನ ಬಡಗಣ ದಿಕ್ಕಿಗೆ ಕರಿಗುಡ್ಡ. ಆ ಗುಡ್ಡದ ಗವಿಯಲ್ಲಿ ಮಸಿಕಂಠನೆಂಬ ಮಾಂತ್ರಿಕನಿದ್ದ. ಅವನ ಮುಖ ಕಂಡವರಿಲ್ಲ. ದೀಪದ ಕುಡಿಯೇ ಅವನ ಊಟ. ಹೊತ್ತು ಮುಳುಗಿದ ಮೇಲೆ ಗವಿಯ ಬಾಯಲ್ಲಿ ನಿಂತು ಅವನು ಉಸಿರೆಳೆದುಕೊಂಡರೆ ಸಾಕು, ಊರಿನ ಹಣತೆ, ಪಂಜು, ಒಲೆಯ ಉರಿ ಎಲ್ಲವೂ ಇದ್ದಲ್ಲಿಂದ ಕಿತ್ತುಕೊಂಡು, ಗಾಳಿಯಲ್ಲಿ ಸಾಲಾಗಿ ತೇಲಿ ಹೋಗಿ ಅವನ ಗಂಟಲಿಗೆ ಇಳಿಯುತ್ತಿದ್ದವು. ಮತ್ತೆ ಹಚ್ಚಿದರೆ ಮತ್ತೆ ಹೋಗುತ್ತಿದ್ದವು. ಕೊನೆಗೆ ಜನ ಹಚ್ಚುವುದನ್ನೇ ಬಿಟ್ಟರು. ಬೆಳಕಿರುವಾಗಲೇ ಉಂಡು, ಬಾಗಿಲು ಹಾಕಿ, ತಡಕಾಡಿಕೊಂಡು ಹಾಸಿಗೆ ಸೇರುವುದು ಅವರಿಗೆ ರೂಢಿಯಾಯಿತು.

ರೂಢಿಯಾಗದೆ ಉಳಿದವಳು ದೇವೀರಿ. ಅವಳು ಆ ಊರಿನ ಸೂಲಗಿತ್ತಿ. ಕೆಲಸ ಕಲಿಸಿದವಳು ಅಜ್ಜಿ ಮಾಳವ್ವ. ಅಜ್ಜಿ ತೀರಿಕೊಂಡ ಮೇಲೆ, ವಯಸ್ಸು ಚಿಕ್ಕದಾದರೂ, ಊರಿನ ಬಸುರಿಯರೆಲ್ಲ ದೇವೀರಿಯ ಕೈಗೇ ಬಂದರು. ಮಕ್ಕಳು ಹಗಲು ನೋಡಿಕೊಂಡು ಹುಟ್ಟುವುದಿಲ್ಲವಲ್ಲ. ಕತ್ತಲಲ್ಲಿ ಬೆರಳನ್ನೇ ಕಣ್ಣು ಮಾಡಿಕೊಂಡು ಅವಳು ಎಷ್ಟೋ ಮಕ್ಕಳನ್ನು ಎತ್ತಿಕೊಂಡಿದ್ದಳು. ಆದರೆ ಬೆರಳಿಗೆ ಎಲ್ಲವೂ ಕಾಣುವುದಿಲ್ಲ. ಗಾಣಿಗರ ಮನೆಯ ಸೊಸೆ ಹೆತ್ತ ಮೇಲೆ ನಿದ್ದೆ ಹೋದಳೆಂದೇ ಎಲ್ಲರೂ ತಿಳಿದಿದ್ದರು. ಅವಳ ಮುಖ ಬಿಳುಚಿಕೊಂಡದ್ದು ಬೆಳಕು ಹರಿದ ಮೇಲೆ ಕಂಡಿತು. ಆಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅಂದಿನಿಂದ ದೇವೀರಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಬಾಗಿಲಿಗೆ ಒಬ್ಬ ಎತ್ತರದ ಗಂಡಸು ಬಂದು ನಿಂತ. ಸುಡುವ ಬಿಸಿಲಲ್ಲಿ ನಿಂತಿದ್ದರೂ ಅವನಿಗೆ ನೆರಳಿರಲಿಲ್ಲ. ಹೆಂಡತಿಗೆ ನೋವು ಶುರುವಾಗಿದೆ, ಬರಬೇಕು ಎಂದ. ನೋವು ಎಂದ ಮೇಲೆ ದೇವೀರಿ ಯಾರು, ಎಂತು ಎಂದು ಕೇಳುವವಳಲ್ಲ. ಎಲೆಯಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅವನು ಪಾಳುಬಿದ್ದ ಕಲ್ಯಾಣಿಯ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟ. ನೀರು ಎರಡು ಪಾಲಾಗಿ ದಾರಿ ಬಿಟ್ಟಿತು. ಕೆಳಗೆ ಯಕ್ಷರ ಮನೆ. ಹೆರಿಗೆ ಕಷ್ಟದ್ದಾಗಿತ್ತು, ಮಗು ಅಡ್ಡ ತಿರುಗಿತ್ತು. ದೇವೀರಿ ಬೆವರು ಹರಿಸಿ ದುಡಿದಳು. ಸಂಜೆಯೊಳಗೆ ತಾಯಿ ಮಗು ಎರಡು ಜೀವವೂ ಕ್ಷೇಮವಾಗಿ ಬೇರೆ ಬೇರೆಯಾದವು.

ಯಕ್ಷ ಒಡವೆಯ ಪೆಟ್ಟಿಗೆ ತಂದು ಮುಂದಿಟ್ಟ. ಮುತ್ತು, ಹವಳ, ಕೆಂಪು ಎಲ್ಲ ಇದ್ದವು. ದೇವೀರಿ ಕೈ ಹಾಕಲಿಲ್ಲ.

"ಒಡವೆ ಬೇಡ ಅಣ್ಣ," ಎಂದಳು. "ಆರದ ಬೆಳಕು ಏನಾದರೂ ಇದ್ದರೆ ಕೊಡಿ. ಚಿಕ್ಕದಾದರೂ ಸಾಕು. ಹೆತ್ತವಳ ಮುಖ ಕಾಣುವಷ್ಟು."

ಯಕ್ಷ ಹೆಂಡತಿಯ ಕಡೆ ನೋಡಿದ. ಅವಳು ಮಲಗಿದ್ದಲ್ಲಿಂದಲೇ ತಲೆದಿಂಬಿನ ಕೆಳಗೆ ಕೈ ಹಾಕಿ ಒಂದು ತಾಮ್ರದ ಕೊಳವೆ ತೆಗೆದಳು. ಹೆಬ್ಬೆರಳ ಗಾತ್ರ, ಅಷ್ಟೇ ಉದ್ದ. ಒಂದು ತುದಿಯಲ್ಲಿ ಸ್ಫಟಿಕದ ಕಣ್ಣು, ಇನ್ನೊಂದು ತುದಿಯಲ್ಲಿ ಒತ್ತುವುದಕ್ಕೆ ಒಂದು ಗುಬಟು.

"ಇದು ಚಿಟಿಕೆದೀಪ," ಎಂದಳು ಯಕ್ಷಿ. "ಇದಕ್ಕೆ ಎಣ್ಣೆ ಬೇಡ, ಬತ್ತಿ ಬೇಡ, ಬಿಸಿಲೇ ಇದರ ಊಟ. ಒಂದು ಸಲ ಒತ್ತಿದರೆ ಮಿಣುಕು. ಎರಡು ಸಲ ಒತ್ತಿದರೆ ಬೆಳದಿಂಗಳು. ಮೂರು ಸಲ ಒತ್ತಿದರೆ ಹಗಲು. ಒತ್ತಿ ಹಿಡಿದರೆ ಆರುತ್ತದೆ. ಹಗಲು ಬೇಗ ತೀರುತ್ತದೆ, ಮಿಣುಕು ಬಹಳ ಹೊತ್ತು ಬಾಳುತ್ತದೆ. ತೀರಿದರೆ ಹೆದರಬೇಡ, ಬಿಸಿಲಿಗಿಡು. ಮತ್ತೆ ತುಂಬಿಕೊಳ್ಳುತ್ತದೆ."

ಅಂದಿನಿಂದ ಆ ಕೊಳವೆ ದೇವೀರಿಯ ಎಲೆಯಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಸೇರಿತು. ಅದು ಅಲ್ಲಿದೆ ಎಂಬುದೇ ಅವಳಿಗೆ ಮರೆತುಹೋಗುವಷ್ಟು ಹಗುರ. ಆದರೆ ಬೇಕಾದಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಮಸಿಕಂಠ ಎಷ್ಟು ಉಸಿರೆಳೆದರೂ ಆ ಬೆಳಕು ಕದಲಲಿಲ್ಲ, ಏಕೆಂದರೆ ಅದು ಉರಿಯಲ್ಲ. ಅವನಿಗೆ ಅದು ಇರುವುದೇ ಗೊತ್ತಾಗಲಿಲ್ಲ.

ದೊಡ್ಡ ಕೆಲಸಕ್ಕೆಂದು ಕೇಳಿ ಪಡೆದ ದೀಪ ದಿನವೂ ಮಾಡಿದ್ದು ಸಣ್ಣ ಸಣ್ಣ ಕೆಲಸ. ಅಕ್ಕಸಾಲಿಗರ ಮುದುಕಿಯ ಮೂಗುಬಟ್ಟು ಬಿದ್ದು ಹೋದಾಗ ನೆಲದ ಬಿರುಕಿನಲ್ಲಿ ಅದನ್ನು ಮಿಣುಗಿಸಿ ತೋರಿಸಿತು. ಸೌದೆಯ ನಡುವೆ ಅಡಗಿದ್ದ ಚೇಳನ್ನು ಕೈ ತಾಗುವ ಮೊದಲೇ ತೋರಿಸಿತು. ಕಿವಿಗೆ ಹುರಿಗಡಲೆ ಹಾಕಿಕೊಂಡ ಕೂಸು, ಗಂಟಲು ಬಾತ ಕೂಸು, ಕಾಲಿಗೆ ಮುಳ್ಳು ಮುರಿದುಕೊಂಡ ಕುರುಬ, ಎಲ್ಲರೂ ಬಂದು ಅವಳ ಜಗಲಿಯಲ್ಲಿ ಕೂರುತ್ತಿದ್ದರು. ಎರಡು ಕೈಯೂ ಬೇಕಾದಾಗ ದೇವೀರಿ ದೀಪವನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಮಿಗಿಲಾಗಿ, ಹೆತ್ತವರ ಮುಖ ಈಗ ಅವಳಿಗೆ ಕಾಣುತ್ತಿತ್ತು. ಕೆನ್ನೆಯಲ್ಲಿ ರಕ್ತವಿದೆಯೆಂದು ಕಂಡಾಗ ಅವಳು ಬಾಗಿಲಿಗೆ ಬಂದು, ಹೊರಗೆ ಕಾದು ಕೂತ ಗಂಡನಿಗೂ ಅತ್ತೆಗೂ ತಾಯಿ ಮಗು ಕ್ಷೇಮ ಎಂದು ನಿಶ್ಚಿಂತೆಯಿಂದ ಹೇಳುತ್ತಿದ್ದಳು.

ಬೆಳಗಾದರೆ ದೀಪವನ್ನು ಅಂಗಳದ ತುಳಸಿಕಟ್ಟೆಯ ಮೇಲೆ ಬಿಸಿಲಿಗಿಡುವಳು. ಇಡುವ ಮೊದಲು ಒಮ್ಮೆ ಕಣ್ಣಿಗೊತ್ತಿಕೊಳ್ಳುವಳು. ಯಾರಿಗೆ ಕೈಮುಗಿಯುತ್ತೀಯೆ ಎಂದು ನೆರೆಯವರು ಕೇಳಿದರೆ ಅವಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕೊಟ್ಟವರಿಗೆ, ಬಿಸಿಲಿಗೆ, ಅಜ್ಜಿಗೆ, ಹಿಂದಿನ ರಾತ್ರಿ ಬದುಕಿ ಉಳಿದ ಬಾಣಂತಿಗೆ ಎಂದೆಲ್ಲ ಸೇರಿಸಿ ಏನೋ ಹೇಳಿ ನಗುತ್ತಿದ್ದಳು.

ಆ ವರ್ಷ ರಾಣಿ ಪದ್ಮಲೆ ಬಸುರಾದಳು. ಬಹಳ ಕಾಲ ಕಾದು ಪಡೆದ ಬಸುರು. ದೇವೀರಿಯೇ ಅರಮನೆಗೆ ಹೋಗಿ ಬಂದು ನೋಡಿಕೊಳ್ಳುತ್ತಿದ್ದಳು. ಇನ್ನೇನು ದಿನ ತುಂಬಿತು ಎನ್ನುವಾಗ, ಒಂದು ಬೆಳಗ್ಗೆ ಕರಿಗುಡ್ಡದಿಂದ ಮಸಿಯಂಥ ಮೋಡ ಎದ್ದು ಬಂದು ಅರಮನೆಯ ಮೇಲೆ ಕವಿಯಿತು. ಮೋಡದೊಳಗಿಂದ ಒಂದು ಉದ್ದನೆಯ ಕೈ ಇಳಿದು, ಉಪ್ಪರಿಗೆಯಲ್ಲಿ ತಲೆಗೂದಲು ಒಣಗಿಸುತ್ತಿದ್ದ ರಾಣಿಯನ್ನು ಎತ್ತಿಕೊಂಡು ಹೋಯಿತು. ಊರಿಗೆಲ್ಲ ಕೇಳುವಂತೆ ಮಸಿಕಂಠನ ದನಿ ಬಂತು.

"ನನ್ನ ಗವಿಯಲ್ಲಿ ಹುಟ್ಟಿ, ಮೊದಲ ನೋಟಕ್ಕೆ ಬರೀ ಕತ್ತಲನ್ನು ಕಂಡ ಕೂಸು ನನ್ನದಾಗುತ್ತದೆ. ಅದರ ರಾಜ್ಯವೂ ನನ್ನದಾಗುತ್ತದೆ. ಆಮೇಲೆ ತುಂಬೆಗಿರಿಗೆ ಹಗಲೂ ಇಲ್ಲ."

ದೊರೆ ತಕ್ಷಣ ದಳವಾಯಿ ಬೀಚಣ್ಣನ ಜೊತೆ ದಂಡನ್ನು ಕಳಿಸಿದ. ಅವರು ಪಂಜು ಹಿಡಿದು ಗವಿಗೆ ನುಗ್ಗಿದರು. ಪಂಜುಗಳೆಲ್ಲ ಒಟ್ಟಿಗೆ ಆರಿದ್ದು ಹೊರಗೆ ನಿಂತವರಿಗೆ ಕಂಡಿತು. ಒಳಗೆ ಹೋದವರಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ದೊರೆ ತಾನೇ ಹೊರಟಾಗ ಮಂತ್ರಿಗಳು ಕಾಲು ಹಿಡಿದು ನಿಲ್ಲಿಸಿದರು.

ಅಷ್ಟರಲ್ಲಿ ದೇವೀರಿ ಅರಮನೆಯ ಅಂಗಳಕ್ಕೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಬುದ್ಧಿ, ರಾಣಿಯಮ್ಮನಿಗೆ ಇವತ್ತೋ ನಾಳೆಯೋ ನೋವು ಬರುತ್ತದೆ," ಎಂದಳು. "ನಾನು ಹೋಗಬೇಕು."

ದೊರೆಗೆ ಅವಳು ಹೇಳುವುದು ಮೊದಲು ತಿಳಿಯಲೇ ಇಲ್ಲ. ಕತ್ತಿ ಹಿಡಿದವರೇ ಹಿಂದಿರುಗಿ ಬಾರದ ಗವಿಗೆ ನೀನು ಹೋಗಿ ಏನು ಮಾಡುತ್ತೀಯೆ ಎಂದು ಕೇಳಿದ. ಹೆರಿಗೆ ಮಾಡಿಸುತ್ತೇನೆ ಎಂದಳು ದೇವೀರಿ.  ಭಯ ಇರಲಿಲ್ಲವೆಂದಲ್ಲ.  ಇನ್ನೊಂದು ಚಿಂತೆಯೂ ಇತ್ತು. ಮಸಿಮೋಡ ಕವಿದದ್ದರಿಂದ ಆವತ್ತು ಚಿಟಿಕೆದೀಪ ಅರ್ಧಕ್ಕಿಂತ ಹೆಚ್ಚು ತುಂಬಿರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ನಡುಹಗಲಲ್ಲಿ ಗವಿಯೊಳಗೆ ಕಾಲಿಟ್ಟಳು. ಹಿಂದಿನ ಬೆಳಕು ಒಂದು ತಿರುವಿನಲ್ಲಿ ಮುಗಿದು ಹೋಯಿತು. ಅವಳು ಒಂದು ಸಲ ಒತ್ತಿದಳು. ಮಿಣುಕು ಬೆಳಕು ಅವಳ ಪಾದದಷ್ಟು ಜಾಗವನ್ನು ಮಾತ್ರ ಬೆಳಗಿತು. ಅಷ್ಟೇ ಸಾಕೆಂದು ಅದರ ಹಿಂದೆ ಹೋದಳು.

ಮೊದಲು ಎದುರಾದದ್ದು ಒಂದು ಕರಿಹುಲಿ. ದಾರಿಗೆ ಅಡ್ಡ ನಿಂತು ಗವಿಯೆಲ್ಲ ಅದುರುವಂತೆ ಗರ್ಜಿಸುತ್ತಿತ್ತು. ದೇವೀರಿ ಗೋಡೆಗೆ ಒತ್ತಿಕೊಂಡು ನಿಂತಳು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡಳು. ಆದರೆ ಹುಲಿ ಹಾರಲಿಲ್ಲ, ಗರ್ಜನೆಯೂ ನಿಲ್ಲಲಿಲ್ಲ. ಕೇಳುತ್ತ ಕೇಳುತ್ತ ಅವಳಿಗೆ ಅದರಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚು ಕೇಳಿಸಿತು. ನೋವಿನ ದನಿ ಅವಳಿಗೆ ಹೊಸದಲ್ಲ.

"ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯಾ?" ಎಂದು ಕೇಳಿದಳು.

"ಮೂಳೆ," ಎಂದಿತು ಹುಲಿ. "ಮಾಂತ್ರಿಕ ಮಂತ್ರ ಹಾಕಿ ತೂರಿಸಿದ್ದಾನೆ. ಇದು ಇರುವ ತನಕ ನನಗೆ ನಿದ್ದೆಯಿಲ್ಲ. ಅವನಿಗೆ ಕಾವಲು ತಪ್ಪುವುದಿಲ್ಲ."

"ಆ ಅನ್ನು."

ಹುಲಿ ಬಾಯಿ ತೆರೆಯಿತು. ದೇವೀರಿ ಎರಡು ಸಲ ಒತ್ತಿ, ದೀಪವನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡು ಕೈಯನ್ನೂ ಹುಲಿಯ ಬಾಯೊಳಗೆ ಇಟ್ಟಳು. ಬೆಳದಿಂಗಳಂಥ ಬೆಳಕಿನಲ್ಲಿ ನಾಲಿಗೆಯ ಬುಡದಲ್ಲಿ ಅಡ್ಡ ಸಿಕ್ಕಿದ ಮೂಳೆ ಬಿಳಿಯಾಗಿ ಕಂಡಿತು. ಒಂದು ಬೆರಳಿನಿಂದ ಮೇಲೆತ್ತಿ, ಇನ್ನೊಂದರಿಂದ ತಿರುಗಿಸಿ, ಹೊರಗೆಳೆದಳು. ಹುಲಿ ಬಾಯಿ ಮುಚ್ಚಿ ಒಮ್ಮೆ ನುಂಗಿ ನೋಡಿತು. ಮತ್ತೊಮ್ಮೆ ನುಂಗಿತು. ಆಮೇಲೆ ಅವಳ ಕಾಲ ಬಳಿ ತಲೆಯಿಟ್ಟು ಉದ್ದಕ್ಕೆ ಮಲಗಿ ನಿದ್ದೆ ಹೋಯಿತು. ಅವಳು ಅದನ್ನು ಎಬ್ಬಿಸದಂತೆ ದಾಟಿಕೊಂಡು ಮುಂದೆ ಹೋದಳು.

ಎರಡನೆಯದು ಕಪ್ಪು ನೀರಿನ ಮಡು. ಆಚೆ ದಡಕ್ಕೆ ಹೋಗಲು ನೀರಿನಲ್ಲಿ ಕಲ್ಲುಗಳಿದ್ದವು. ಪಾಚಿ ಹಿಡಿದ, ಉಬ್ಬಿದ ಕಲ್ಲುಗಳು. ಕಾಲಿಡಲು ಹೋದವಳು ಹಿಂಜರಿದಳು, ಏಕೆಂದರೆ ಒಂದು ಕಲ್ಲು ಉಸಿರಾಡಿದ ಹಾಗಾಯಿತು. ಕೆಲವು ಕಲ್ಲು, ಕೆಲವು ಮೊಸಳೆ. ಯಾವುದು ಯಾವುದು ಎಂದು ಮಿಣುಕಿನಲ್ಲಿ ತಿಳಿಯುತ್ತಿರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಮೂರು ಸಲ ಒತ್ತಿದಳು. ಹಗಲು ಬಂತು. ನೀರಿನ ಮೇಲೆ ಅಲ್ಲಲ್ಲಿ ಜೋಡಿ ಜೋಡಿಯಾಗಿ ಕೆಂಡಗಳು ಹೊತ್ತಿಕೊಂಡವು. ಅವು ಮೊಸಳೆಗಳ ಕಣ್ಣು. ಕೆಂಡ ಇಲ್ಲದ ಕಲ್ಲುಗಳನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡು, ಬೆಳಕನ್ನು ಕೂಡಲೇ ಇಳಿಸಿ, ಸೀರೆ ಎತ್ತಿ ಕಟ್ಟಿ, ಹೆಜ್ಜೆ ತಪ್ಪದೆ ದಾಟಿದಳು. ಆಚೆ ದಡದಲ್ಲಿ ಕೂತು ಎದೆ ಬಡಿತ ಇಳಿಯುವ ತನಕ ದೀಪವನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡಿದ್ದಳು. ಅಷ್ಟರಲ್ಲಾಗಲೇ ಸ್ಫಟಿಕದ ಕಣ್ಣು ತುಸು ಮಂಕಾಗಿತ್ತು.

ಮೂರನೆಯದರಲ್ಲಿ ಮೃಗವೂ ಇರಲಿಲ್ಲ, ಮಡುವೂ ಇರಲಿಲ್ಲ. ಆದರೂ ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಅದೊಂದು ದೊಡ್ಡ ಹಜಾರ. ಒಳಗೆ ಮನುಷ್ಯರ ದನಿಗಳು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು, ತಡವುತ್ತಿದ್ದರು, ಕೆಲವರು ಮೆಲ್ಲಗೆ ಅಳುತ್ತಿದ್ದರು. ದೊರೆಯ ದಂಡು ಅದು. ಮಾಂತ್ರಿಕನ ಉಸಿರು ಪಂಜಿನ ಉರಿಯ ಜೊತೆ ಅವರನ್ನೂ ಸೆಳೆದು ತಂದು ಅಲ್ಲಿ ಕೆಡವಿತ್ತು. ಪಂಜು ಆರಿದಾಗ ತಮ್ಮ ಕಣ್ಣೇ ಹೋಯಿತೆಂದು ಅವರು ನಂಬಿದ್ದರು. ದೇವೀರಿ ಮಿಣುಕನ್ನು ತನ್ನ ಮುಖಕ್ಕೆ ಹಿಡಿದಳು.  ಅವರೆಲ್ಲ ಹೊಳೆಯ ಹಾಗೆ ಅವಳ ಕಡೆ ಹರಿದರು. ಸೆರಗು ಹಿಡಿದರು, ಕಾಲು ಹಿಡಿದರು, ನಮಗೆ ಕಣ್ಣಿದೆ ತಾಯಿ, ಕಣ್ಣಿದೆ ಎಂದು ಹೇಳಿಕೊಂಡು ಅತ್ತರು.

ದಳವಾಯಿ ಬೀಚಣ್ಣ ಅವಳ ಎದುರು ಬಂದು ನಿಂತ. ದೊಡ್ಡ ಮೀಸೆಯ ಗಟ್ಟಿಗ, ಅವನ ಗಲ್ಲವೂ ಒದ್ದೆಯಾಗಿತ್ತು. ದೀಪ ಹಿಡಿದು ನೀನು ಮುಂದೆ ನಡೆ, ನಿನ್ನ ಹಿಂದೆ ನಾವೆಲ್ಲ ಹೊರಗೆ ಹೋಗುತ್ತೇವೆ, ಇಷ್ಟು ಜನರ ಹೆಂಡತಿ ಮಕ್ಕಳು ನಿನಗೆ ಹರಸುತ್ತಾರೆ ಎಂದು ಬೇಡಿಕೊಂಡ. ಅದೇ ಹೊತ್ತಿಗೆ ಗವಿಯ ಆಳದಿಂದ ಒಂದು ಹೆಂಗಸಿನ ನರಳು ಕೇಳಿಸಿತು. ಆ ನರಳಿನ ಉದ್ದ, ನಡುವಿನ ಬಿಡುವು ಕೇಳಿಯೇ ದೇವೀರಿಗೆ ತಿಳಿಯಿತು, ಹೆಚ್ಚು ಹೊತ್ತಿಲ್ಲ.

ಅವಳು ದೀಪದ ಕಣ್ಣು ನೋಡಿದಳು, ಅವರ ಮುಖಗಳನ್ನು ನೋಡಿದಳು. ಅವರಲ್ಲಿ ಕೆಲವರನ್ನು ಅಜ್ಜಿಯೇ ಎತ್ತಿಕೊಂಡಿದ್ದಳು. ಹೊರಗೆ ಕರೆದೊಯ್ದರೆ ಬೆಳಕು ತೀರುತ್ತದೆ. ಒಳಗೆ ಹೋದರೆ ಇವರು ಕತ್ತಲಲ್ಲಿ ಉಳಿಯುತ್ತಾರೆ.

"ಬೀಚಣ್ಣ, ನಿಮ್ಮ ಕಣ್ಣು ಚೆನ್ನಾಗಿದೆ. ಅದಿಷ್ಟು ಗೊತ್ತಾಯಿತಲ್ಲ, ಅದನ್ನೇ ಹಿಡಿದುಕೊಂಡು ಕೂತಿರಿ," ಎಂದಳು. "ಒಬ್ಬರ ಕೈ ಒಬ್ಬರು ಬಿಡಬೇಡಿ. ಹೆರುವವಳಿಗೆ ಕಾಯಲು ಆಗುವುದಿಲ್ಲ, ನೀವು ಕಾಯಬಹುದು."

ಬೀಚಣ್ಣ ದೀಪವನ್ನೇ ನೋಡಿದ. ಮನಸ್ಸು ಮಾಡಿದ್ದರೆ ದೀಪ ಕಿತ್ತುಕೊಳ್ಳುವುದು ಅವನಿಗೆ ಕಷ್ಟವಿರಲಿಲ್ಲ. ಆಮೇಲೆ ತನ್ನ ಪಕ್ಕದವನ ಕೈ ಹಿಡಿದು ನೆಲದ ಮೇಲೆ ಕೂತ. ಉಳಿದವರೂ ಕೂತರು. ಅವಳು ದಾಟಿ ಹೋಗುವಾಗ ಒಬ್ಬೊಬ್ಬರೂ ಅವಳ ಸೆರಗಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಗವಿಯ ತುದಿಯಲ್ಲಿ ಬರೀ ಬಂಡೆಯ ಮೇಲೆ ರಾಣಿ ಮಲಗಿದ್ದಳು. ದೇವೀರಿ ಓಡಿ ಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪದ್ಮಲೆ ಅವಳ ಕೈಯನ್ನು ತಡವಿ, ಬೆರಳನ್ನು ಗುರುತು ಹಿಡಿದು, ಎದೆಗೆ ಒತ್ತಿಕೊಂಡಳು.

ಆಗ ಕತ್ತಲೆಯೊಳಗಿಂದ ಯಾರೋ ಬಲವಾಗಿ ಉಸಿರೆಳೆದುಕೊಂಡ ಸದ್ದು ಬಂತು. ಸೀರೆ ಹಾರಿತು, ಕೂದಲು ಹಾರಿತು, ದೀಪದ ಬೆಳಕು ಮಾತ್ರ ಇದ್ದಲ್ಲೇ ಇತ್ತು. ಮತ್ತೊಮ್ಮೆ ಉಸಿರೆಳೆದ. ಬೆಳಕು ಕದಲಲಿಲ್ಲ.

"ಈ ಕುಡಿ ಯಾಕೆ ಬರುತ್ತಿಲ್ಲ?" ಎಂದ ಮಸಿಕಂಠ.

"ಇದು ಉರಿಯಲ್ಲ ಸ್ವಾಮಿ, ಬಿಸಿಲು," ಎಂದಳು ದೇವೀರಿ.

 ಮಾಂತ್ರಿಕ ನಕ್ಕ. "ಬಿಸಿಲಾದರೆ ಮುಳುಗಲೇಬೇಕು. ನಾನು ಕಾಯುತ್ತೇನೆ."

ಅವನು ಹೇಳಿದ್ದು ನಿಜವಾಗಿತ್ತು. ದೀಪದ ಕಣ್ಣು ಆಗಲೇ ಹಳದಿಗೆ ತಿರುಗಿತ್ತು. ಮಗು ಬರುವ ತನಕ ಅದು ಉಳಿಯುವಂತಿರಲಿಲ್ಲ. ದೇವೀರಿ ರಾಣಿಯ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ ಮನಸ್ಸಿನಲ್ಲಿಟ್ಟುಕೊಂಡು, ಗುಬಟು ಒತ್ತಿ ಹಿಡಿದು ದೀಪ ಆರಿಸಿದಳು. ಮುಳುಗಿತು, ಮುಳುಗಿತು ಎಂದು ಮಸಿಕಂಠ ಕತ್ತಲಲ್ಲಿ ಹಿಗ್ಗಿಕೊಂಡ.

"ದೇವೀರಿ, ನನಗೆ ಏನೂ ಕಾಣುತ್ತಿಲ್ಲ," ಎಂದಳು ರಾಣಿ.

"ನನಗೂ ಕಾಣುತ್ತಿಲ್ಲ ಅಮ್ಮಣ್ಣಿ. ನನ್ನ ಕೈಗೆ ಗೊತ್ತು. ನೀವು ನನ್ನ ದನಿ ಹಿಡಿದುಕೊಂಡು ಬನ್ನಿ."

ಆಮೇಲೆ ಅವಳು ಮಾತಾಡುತ್ತಲೇ ಇದ್ದಳು. ಅಂಗಳದ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಯಾರ ಮನೆಯ ಕೂಸು ಎಷ್ಟು ಅತ್ತಿತು, ಯಾರಿಗೆ ಅವಳಿ ಹುಟ್ಟಿತು ಎಂದು ಹೇಳುತ್ತ, ನಡುನಡುವೆ ಈಗ ಉಸಿರು ಹಿಡಿಯಿರಿ, ಈಗ ಬಿಡಿ ಎನ್ನುತ್ತ, ಹಳೆಯ ಕಾಲದ ಹಾಗೆ ಬೆರಳಿನಿಂದಲೇ ನೋಡುತ್ತ ಕೆಲಸ ಮಾಡಿದಳು. ಮಾಂತ್ರಿಕ ಹತ್ತಿರ ಹತ್ತಿರ ಬಂದು ಕೂತ. ಅವನ ಉಸಿರಿನಲ್ಲಿ ಸುಟ್ಟ ಬತ್ತಿಯ ವಾಸನೆ ಇತ್ತು. ಬಂತೆ, ಬಂತೆ ಎಂದು ಮತ್ತೆ ಮತ್ತೆ ಕೇಳಿದ. 

ಮಗುವಿನ ನೆತ್ತಿ ಅಂಗೈಗೆ ತಾಗಿತು. ಈಗ ಅವಳಿಗೆ ಎರಡು ಕೈಯೂ ಬೇಕು. ಮಾತು ನಿಲ್ಲಿಸಿ ದೀಪವನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಕೂಸಿನ ಭುಜ ಜಾರಿ ಬರುವಾಗ ಅವಳು ನಾಲಿಗೆಯ ತುದಿಯಿಂದ ಗುಬಟನ್ನು ಒಂದು ಸಲ ಒತ್ತಿದಳು. ಏನೂ ಆಗಲಿಲ್ಲ. ಅಜ್ಜಿಯನ್ನು ನೆನೆದು ಇನ್ನೊಮ್ಮೆ ಒತ್ತಿದಳು.

ಮಿಂಚುಹುಳದಷ್ಟು ಬೆಳಕು ಬಂತು.

ಆ ಬೆಳಕಿನಲ್ಲಿ ಕೂಸು ಕಣ್ಣು ಬಿಟ್ಟಿತು. ಮೊದಲು ಬೆಳಕನ್ನು ನೋಡಿತು, ಆಮೇಲೆ ಬೆವೆತು ಒದ್ದೆಯಾದ ತಾಯಿಯ ಮುಖವನ್ನು ನೋಡಿತು. ನೋಡಿ, ಗವಿ ತುಂಬುವಂತೆ ಅತ್ತಿತು. ಗೋಡೆಗಳು ಅಲುಗಿದವು.

ಮಸಿಕಂಠ ಕೆರಳಿ ಎದ್ದ. ಉಸಿರಿಗೆ ಬಾರದ ಬೆಳಕನ್ನು ಇಡಿಯಾಗಿ ನುಂಗಿಬಿಡುತ್ತೇನೆಂದು ದೇವೀರಿಯ ಬಾಯಿಂದ ದೀಪವನ್ನು ಕಿತ್ತು ತನ್ನ ಬಾಯಿಗೆ ಹಾಕಿಕೊಂಡ. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಅವನ ಗಂಟಲು ಒಳಗಿಂದ ಮಂಕಾಗಿ ಬೆಳಗಿತು. ಮೊಟ್ಟಮೊದಲ ಸಲ ಅವನ ಮುಖ ಕಂಡಿತು. ಮಸಿ ಮೆತ್ತಿದ, ಎಲುಬು ಬಿಟ್ಟ ಮುದುಕನ ಮುಖ. ಕಣ್ಣು ಮೇಲೆ ಹೋಗಿತ್ತು, ಉಸಿರು ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತ್ತು.

ದೇವೀರಿ ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿ ಅವನನ್ನು ನೋಡಿದಳು. ಸುಮ್ಮನೆ ಕೂತಿದ್ದರೂ ಸಾಕಾಗಿತ್ತು. ಆದರೆ ಉಸಿರು ಕಟ್ಟಿದವರನ್ನು ನೋಡಿಕೊಂಡು ಕೂರುವುದು ಆ ಕೈಗಳಿಗೆ ಗೊತ್ತಿರಲಿಲ್ಲ. ಎದ್ದು ಹೋಗಿ, ಅವನ ಕತ್ತು ಬಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಬಲವಾಗಿ ಹೊಡೆದಳು. ಇನ್ನೊಮ್ಮೆ ಹೊಡೆದಳು. ಮೂರನೆಯ ಏಟಿಗೆ ದೀಪ ಟಣ್ ಎಂದು ಕಲ್ಲಿನ ಮೇಲೆ ಬಿತ್ತು. ಅದರ ಹಿಂದೆಯೇ ಒಂದು ಹಣತೆಯ ಕುಡಿ ಹೊರಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಪಂಜುಗಳ ಉರಿ, ಒಲೆಗಳ ಉರಿ, ನಂದಾದೀಪಗಳ ಕುಡಿ, ಮದುವೆಯ ಆರತಿಗಳ ಕುಡಿ, ಅವನು ನುಂಗಿದ್ದೆಲ್ಲ ಸಾಲು ಸಾಲಾಗಿ ಬಂದು ಗವಿಯ ಮಾಡಿನಲ್ಲಿ ತೇಲಾಡಿದವು. ಕಡೆಯ ಕುಡಿ ಬಂದು ಮುಗಿದಾಗ ಮಾಂತ್ರಿಕನ ಮಾಟವೂ ಮುಗಿಯಿತು. ಚಳಿಗೆ ಗಡಗಡ ನಡುಗುವ ಒಬ್ಬ ಮುದುಕ ಅಲ್ಲಿ ಉಳಿದ.

ಆ ಸಾವಿರ ದೀಪಗಳ ಬೆಳಕಿನಲ್ಲಿ ದೇವೀರಿ ಹೊಕ್ಕುಳಬಳ್ಳಿ ಕತ್ತರಿಸಿದಳು. ರಾಣಿಯ ಕೆನ್ನೆ ನೋಡಿದಳು. ಕೆನ್ನೆಯಲ್ಲಿ ರಕ್ತವಿತ್ತು. ಆಗ ಮಾತ್ರ ಅವಳಿಗೆ ಅಳು ಬಂತು.

"ಹೆಣ್ಣು ಕೂಸು ಅಮ್ಮಣ್ಣಿ," ಎಂದಳು ಅಳುತ್ತಲೇ. "ಒಳ್ಳೆ ಗಟ್ಟಿ ಕೂಸು."

ಕುಡಿಗಳು ಗವಿಯಲ್ಲಿ ದಾರಿ ತೋರಿಸುತ್ತ ಮುಂದೆ ತೇಲಿದವು. ಹಜಾರದಲ್ಲಿ ದಂಡಿನವರು ಕೈ ಕೈ ಹಿಡಿದುಕೊಂಡೇ ಕೂತಿದ್ದರು. ಕಣ್ಣಿಗೆ ಬೆಳಕು ಬಿದ್ದಾಗ ಎದ್ದು, ಭರ್ಜಿಗಳಿಗೆ ಮೇಲುಹೊದಿಕೆ ಕಟ್ಟಿ ಡೋಲಿ ಮಾಡಿ ರಾಣಿಯನ್ನೂ ಕೂಸನ್ನೂ ಹೊತ್ತರು. ಮಡುವಿನ ಮೊಸಳೆಗಳು ಮಾಟ ಕಳೆದು ಬರೀ ಕಲ್ಲಾಗಿದ್ದವು. ಹುಲಿ ನಿದ್ದೆ ತಿಳಿದೆದ್ದು ಕಾಡಿಗೆ ಹೋಗಿತ್ತು. ನಡುಗುವ ಮುದುಕನನ್ನು ಅಲ್ಲೇ ಮುಗಿಸಿಬಿಡೋಣ ಎಂದು ಬೀಚಣ್ಣ ಕತ್ತಿಗೆ ಕೈ ಹಾಕಿದ. ರಾಣಿ ಬೇಡವೆಂದಳು. ಆ ಮುದುಕನಿಗೆ ನಿಲ್ಲಲು ಆಗುತ್ತಿರಲಿಲ್ಲ. ಕೊನೆಗೆ ಬೀಚಣ್ಣನೇ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡ.

ಹೊರಗೆ ಬಂದಾಗ ಮೋಡ ಹರಿದು ಸಂಜೆಬಿಸಿಲು ಬಿದ್ದಿತ್ತು. ದೊರೆ ಸಿಂಗರಸ ಗವಿಯ ಬಾಯಲ್ಲಿ ಬರಿಗಾಲಲ್ಲಿ ನಿಂತಿದ್ದ. ದೀಪದ ಕುಡಿಗಳು ಅವನ ತಲೆಯ ಮೇಲೆ ಹಾದು ಊರಿನ ಕಡೆ ಹೋಗಿ, ಒಂದೊಂದೂ ತನ್ನ ತನ್ನ ಮನೆಯ ಹಣತೆಯನ್ನು ಹುಡುಕಿ ಕೂತವು. ಆ ಸಂಜೆ ತುಂಬೆಗಿರಿಯಲ್ಲಿ ಯಾರೂ ಬಾಗಿಲು ಹಾಕಲಿಲ್ಲ.

ಮರುದಿನ ದೊರೆ ದೇವೀರಿಯನ್ನು ಕರೆಸಿ ಏನು ಬೇಕೋ ಕೇಳು ಎಂದ. ಅವಳು, ಊರಿನ ಪ್ರತಿ ಕೇರಿಯಲ್ಲಿ ಒಬ್ಬೊಬ್ಬ ಹೆಣ್ಣುಮಗಳು ಈ ಕೆಲಸ ಕಲಿಯುವಂತೆ ಮಾಡಿ ಬುದ್ಧಿ, ನಾನೊಬ್ಬಳು ಎಲ್ಲ ಮನೆಗೂ ಆಗುವುದಿಲ್ಲ ಎಂದಳು. ದೊರೆ ಒಪ್ಪಿದ. ಒಪ್ಪಿ, ಸಿಂಹಾಸನದಿಂದ ಇಳಿದು ಬಂದು ಅವಳ ಎರಡು ಕೈಗಳನ್ನೂ ತನ್ನ ಕಣ್ಣಿಗೊತ್ತಿಕೊಂಡ.

ಅರಮನೆಯ ಉಪ್ಪರಿಗೆಯಲ್ಲಿ ಎಳೆಬಿಸಿಲು ಬಂದಿತ್ತು. ಎಣ್ಣೆ ನೀರು ಹಾಕಿದ ಕೂಸನ್ನು ಬಿಸಿಲಿಗೆ ಮಲಗಿಸಿದ್ದರು. ಪಕ್ಕದಲ್ಲಿ ಪದ್ಮಲೆ ಕೂದಲು ಬಿಚ್ಚಿ ಕೂತಿದ್ದಳು. ಆಚೆ ಮೂಲೆಯಲ್ಲಿ ಮಸಿಕಂಠನಾಗಿದ್ದ ಮುದುಕ ಕಂಬಳಿ ಹೊದ್ದುಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಅವನ ನಡುಕ ನಿಂತಿತ್ತು. ದೇವೀರಿ ಎಲೆಯಡಿಕೆ ಚೀಲದಿಂದ ಚಿಟಿಕೆದೀಪ ತೆಗೆದಳು. ಅದು ಪೂರ್ತಿ ಖಾಲಿಯಾಗಿ, ಸೊಟ್ಟಗೆ ಒಂದು ತಗ್ಗೂ ಬಿದ್ದಿತ್ತು. ಸೆರಗಿನಿಂದ ಮಸಿ ಒರೆಸಿ, ಕಟ್ಟೆಯ ಮೇಲೆ ಕೂಸಿನ ಪಕ್ಕ ಇಟ್ಟಳು.

"ನೀನೂ ಕೂತುಕೋ," ಎಂದಳು ರಾಣಿ. "ಎಷ್ಟು ದಿನದಿಂದ ಕೂತಿಲ್ಲವೋ ಏನೋ."

ದೇವೀರಿ ಕಾಲು ಚಾಚಿ ಬಿಸಿಲಲ್ಲಿ ಕೂತಳು. ಮೊದಲು ಪಾದ ಬೆಚ್ಚಗಾಯಿತು, ಆಮೇಲೆ ಮಂಡಿ, ಆಮೇಲೆ ಕೈ. ಕಣ್ಣು ಮುಚ್ಚಿದಳು. ಕೆಳಗೆ ಊರು ತನ್ನ ಪಾಡಿಗೆ ಗದ್ದಲ ಮಾಡಿಕೊಂಡಿತ್ತು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ತುಂಬೆಗಿರಿಯವರು ಆಮೇಲೆ ಬಹಳ ಕಾಲ, ಹೊತ್ತು ಮುಳುಗಿದ ಮೇಲೂ ಮಾತಾಡಿಕೊಂಡು, ಮನೆ ಮನೆಯಲ್ಲಿ ದೀಪ ಹಚ್ಚಿಕೊಂಡು, ಸುಖವಾಗಿ ಬಾಳಿದರು. ಈ ಕತೆ ಕೇಳಿದವರ ಮನೆಯಲ್ಲೂ ಹೆತ್ತವರ ಮುಖ ಬೆಳಕಾಗಿರಲಿ.